ತೊಗಟೆ ಸುಲಿದ ಮರಗಳು

ಮಾರ್ಚ್ ೧೭, ಸೋಮವಾರ

ಅತ್ತಿಗೆಗೆ, ನಮಸ್ಕಾರ.

ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಕಾಗದ ಶುರು ಮಾಡುವುದು ರೂಢಿ. ನಿಮ್ಮ ಮನೆಯ ಕ್ಷೇಮ ಸಮಾಚಾರವನ್ನು ನಾನು ಎರಡು ವರ್ಷ ಹಾಗೆಯೇ ನಂಬಿಕೊಂಡು ಬಂದೆ. ಅದರ ಫಲ ಉಂಡದ್ದಾಯಿತು. ಅದಕ್ಕೇ ಆ ಸಾಲು ಬಿಟ್ಟಿದ್ದೇನೆ.

ಇವು ಎದುರುಬದುರು ಕೂತು ಆಡಬೇಕಾದ ಮಾತುಗಳು. ನಿನ್ನೆ ಸಭೆ ಮುಗಿದ ಮೇಲೆ ನಿಮ್ಮ ಬಾಗಿಲು ಬಡಿದೆ. ಒಳಗೆ ದೀಪವಿತ್ತು, ಅಡುಗೆಮನೆಯ ನಲ್ಲಿಯ ಸದ್ದೂ ಇತ್ತು. ನಾನು ಬಡಿದ ತಕ್ಷಣ ನಲ್ಲಿ ನಿಂತಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಫೋನನ್ನಂತೂ ನೀವು ಎತ್ತುವುದೇ ಬಿಟ್ಟಿದ್ದೀರಿ. ಇವತ್ತು ಅಂಗಡಿಗೆ ರಜಾ ಹಾಕಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಕಾಗದ ಹರಡಿಕೊಂಡು ಕೂತಿದ್ದೇನೆ. ಪತ್ರಕ್ಕಾದರೆ ನೀವು ಬಾಗಿಲು ತೆರೆಯಬೇಕಾಗಿಲ್ಲ, ಸಂದಿಯಲ್ಲಿ ತೂರಿಸಿ ಬರುತ್ತೇನೆ.

ನನಗೆ ಗೊತ್ತಿರುವುದನ್ನೇ ಇವಳು ಬರೆದಿದ್ದಾಳಲ್ಲ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ. ನಾನು ನಿಂತ ಜಾಗದಿಂದ ಅದು ಹೇಗೆ ಕಂಡಿತು ಎಂಬುದು ನಿಮಗೆ ಗೊತ್ತಿಲ್ಲ.

ಏಳು ವರ್ಷದ ಹಿಂದೆ ಸಂಸಾರ ಮುರಿದುಕೊಂಡು, ಒಂದು ಹೊಲಿಗೆ ಯಂತ್ರ, ಎರಡು ಚೀಲದ ಜೊತೆ ನಿಮ್ಮ ಬಾಗಿಲಿಗೆ ಬಂದೆ. ಅಣ್ಣ ಬಸ್ಸಿನ ಡ್ಯೂಟಿಯಲ್ಲಿದ್ದ. ನೀವು ಯಾಕೆ ಏನು ಎಂದು ಕೇಳಲಿಲ್ಲ. ನನ್ನನ್ನು ತಬ್ಬಿಕೊಂಡು ಅಳಲೂ ಇಲ್ಲ. ಮರುದಿನ ಬೆಳಿಗ್ಗೆ ಕೈಗೊಂದು ಗುದ್ದಲಿ ಕೊಟ್ಟು ಮನೆಯ ಹಿಂದಿನ ಬಯಲಿಗೆ ಕರೆದುಕೊಂಡು ಹೋದಿರಿ. ಹಳೇ ಇಟ್ಟಿಗೆ ಗೂಡಿನ ಬಯಲು. ಒಡೆದ ಇಟ್ಟಿಗೆ, ಪ್ಲಾಸ್ಟಿಕ್ಕು, ಹರಿದ ಹಾಸಿಗೆ, ಯಾರದ್ದೋ ಮುರಿದ ಕಮೋಡು. "ಇಲ್ಲಿ ಕಾಡು ಮಾಡ್ತೀವಿ" ಎಂದಿರಿ. "ಕಾಡು ಮಾಡೋಕೆ ಅದೇನು ಅಡುಗೆಯಾ ಅತ್ತಿಗೆ?" ಎಂದು ನಾನು ನಕ್ಕೆ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದೆ. ಅದನ್ನು ನೀವು ಗಮನಿಸಿದ್ದಿರಿ ಎಂದು ಆಮೇಲೆ ಅಣ್ಣ ಹೇಳಿದ.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನೀವು ಬಡಾವಣೆಗೆಲ್ಲ 'ಸಿಸ್ಟರ್'. ಮನೆಮನೆಗೆ ಹೋಗಿ ಜನ ಕೂಡಿಸಿ ಕಾಡಿನ ಬಳಗ ಕಟ್ಟಿದಿರಿ. ಔಷಧಿ ಅಂಗಡಿಯವರು ಅಧ್ಯಕ್ಷರಾದರು, ನೀವು ಕಾರ್ಯದರ್ಶಿ, ಗುಂಡಿ ತೋಡುವುದಕ್ಕೆ ನಾನು. ಚಿಕ್ಕಂದಿನಲ್ಲಿ ಅಣ್ಣನ ಅಂಗಿಯ ಗುಂಡಿ ನುಂಗಿದ್ದಕ್ಕೆ ನನಗೆ ಅದೇ ಹೆಸರು ನಿಂತುಬಿಟ್ಟಿತ್ತಲ್ಲ. ಪ್ರತಿ ಭಾನುವಾರ ಅವನದ್ದು ಒಂದೇ ಕೂಗು: "ನೋಡ್ರಪ್ಪಾ, ನಮ್ಮ ಗುಂಡಿ ಗುಂಡಿ ತೋಡ್ತಿದಾಳೆ!" ಜನ ನಗುತ್ತಿದ್ದರು. ಅವನಂತೂ ಮೊದಲ ಸಲ ಹೇಳುತ್ತಿರುವವನ ಹಾಗೆ ನಗುತ್ತಿದ್ದ.

ಬಯಲಿನ ಆ ತುದಿಯಲ್ಲಿ ಗ್ಯಾರೇಜು ಇಟ್ಟವನಿಗೆ ಮಾತ್ರ ನಾವು ಬಂದದ್ದು ಹಿಡಿಸಲಿಲ್ಲ. ಕೆಟ್ಟ ಗಾಡಿಗಳನ್ನು ಅವನು ಬಯಲಲ್ಲೇ ನಿಲ್ಲಿಸುತ್ತಿದ್ದ. ಎಲ್ಲರ ಬಾಯಲ್ಲೂ ಅವನು 'ಸ್ಪ್ಯಾನರ್'. ಸ್ಪ್ಯಾನರ್ ಮೊದಲ ದಿನವೇ ನಿಮ್ಮ ಮೇಲೆ ಕೂಗಾಡಿದ. ನೀವೂ ಬಿಡಲಿಲ್ಲ. ಆದರೆ ಮೊದಲ ಬೇಸಿಗೆಯಲ್ಲಿ ನೀರಿನ ಟ್ಯಾಂಕರು ಕೈಕೊಟ್ಟಾಗ, ಯಾರೂ ಕೇಳದೆ ತನ್ನ ಕೊಳವೆಬಾವಿಯಿಂದ ಪೈಪು ಎಳೆದು ತಂದು ಸಸಿಗಳಿಗೆ ಬಿಟ್ಟವನು ಅವನೇ. ಬಿಡುವಾಗಲೂ ಬೈದುಕೊಂಡೇ ಬಿಟ್ಟ. "ಬಾಯಿ ಕೆಟ್ಟದ್ದು, ನೀರು ಒಳ್ಳೇದು" ಎಂದು ಅಣ್ಣ ಹೇಳಿದ್ದು ಬಡಾವಣೆಯಲ್ಲಿ ಗಾದೆಯೇ ಆಯಿತು.

ಕಾಡು ಬೆಳೆಯಿತು. ಇದರಲ್ಲಿ ನಿಮ್ಮ ಪಾಲನ್ನು ನಾನು ಇವತ್ತೂ ಅಲ್ಲಗಳೆಯುವುದಿಲ್ಲ. ಅತ್ತಿ, ಹಿಪ್ಪುನೇರಳೆ, ಬಿದಿರು ಎಲ್ಲ ತಲೆಯೆತ್ತಿ, ನಿಮ್ಮ ಮನೆಗೂ ನನ್ನ ಅಂಗಡಿಗೂ ನಡುವೆ ಹಸಿರು ಗೋಡೆ ಎದ್ದಿತು. ಅದರೊಳಗೆ ನಡೆದು ಬರುವುದಕ್ಕೆ ಒಂದು ಕಾಲುದಾರಿ.

ಹೋದ ನವೆಂಬರಿನಲ್ಲಿ ಮೊದಲ ಮರದ ತೊಗಟೆ ಹೋಯಿತು. ನನ್ನ ಅಂಗಡಿಯ ಕಡೆ ಕೆಟ್ಟು ನಿಂತ ಹಳೇ ಕೈಪಂಪಿನ ಪಕ್ಕದ ಹಿಪ್ಪುನೇರಳೆ. ಎದೆಮಟ್ಟದಲ್ಲಿ, ಅಂಗೈ ಅಗಲಕ್ಕೆ, ಸುತ್ತಲೂ ಬಳೆ ತೊಡಿಸಿದ ಹಾಗೆ ಸುಲಿದಿದ್ದರು. ಸುತ್ತ ತೊಗಟೆ ಹೋದರೆ ಮರಕ್ಕೆ ಊಟ ಇಳಿಯುವುದಿಲ್ಲ, ನಿಂತಲ್ಲೇ ಸಾಯುತ್ತದೆ ಎಂದು ಎಲ್ಲರಿಗೂ ಬಿಡಿಸಿ ಹೇಳಿದವರು ನೀವು. ನಾನು ಜೇಡಿಮಣ್ಣು ಮೆತ್ತಿ ಗೋಣಿಚೀಲದ ಪಟ್ಟಿ ಹೊಲಿದು ಸುತ್ತಿದೆ. ವಾರ ಕಳೆಯುವುದರೊಳಗೆ ಪಕ್ಕದ ಮರಕ್ಕೂ ಅದೇ ಗತಿ. ಆಮೇಲೆ ಅದರ ಪಕ್ಕದ್ದಕ್ಕೆ. ಟೈಲರಮ್ಮ ಮರಕ್ಕೂ ಅಂಗಿ ಹೊಲಿಯುತ್ತಾಳೆ ಎಂದು ಜನ ತಮಾಷೆ ಮಾಡಿದರು. ಆ ಪಟ್ಟಿಗಳನ್ನು ನಾನು ಎಲ್ಲಿ ಕೂತು ಹೊಲಿದೆ ಹೇಳಿ ಅತ್ತಿಗೆ? ನಿಮ್ಮ ಊಟದ ಮೇಜಿನ ಮೇಲೆ. ನೀವು ಎದುರಿಗೆ ಕೂತು ಗೋಣಿ ಕತ್ತರಿಸಿ ಕೊಟ್ಟಿರಿ. ಅಣ್ಣ ಒಳಗೆ ಮಲಗಿದ್ದಾನೆ ಎಂದಿರಿ.

ಆ ಕಾಲದಲ್ಲಿ ಅವನು ಯಾವಾಗಲೂ ಮಲಗಿರುತ್ತಿದ್ದ, ಇಲ್ಲವೇ ಸ್ನಾನಕ್ಕೆ ಹೋಗಿರುತ್ತಿದ್ದ. ಫೋನಿನಲ್ಲಿ ಕೇಳಿದರೆ ನಿವೃತ್ತಿಯಾದ ಮೇಲೆ ಮಾತು ಕಡಿಮೆ ಮಾಡಿದ್ದಾರೆ ಎಂದು ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ.

ಜನವರಿಯಲ್ಲಿ ಸ್ಪ್ಯಾನರಿಗೂ ಬಳಗಕ್ಕೂ ಹೊಸ ಜಗಳ ಹತ್ತಿಕೊಂಡಿತು. ಅಂಚಿನ ಮರದ ಕೊಂಬೆ ಮುರಿದು ಗಿರಾಕಿಯ ಕಾರಿನ ಮೇಲೆ ಬಿತ್ತೆಂದು, ಅಂಚಿನ ಸಾಲು ಕಡಿಯಿರಿ ಎಂದು ಅವನ ಹಟ. ಹೀಗಾಗಿ ತೊಗಟೆಯ ಮಾತು ಬಂದಾಗ ಎಲ್ಲರ ಕಣ್ಣೂ ಅವನ ಮೇಲೆ. ಆದರೂ ಕಂಡವರಿರಲಿಲ್ಲ. ಫೆಬ್ರವರಿಯ ಸಭೆಯ ದಿನ, ಗ್ರಂಥಾಲಯದ ಮೆಟ್ಟಿಲ ಮೇಲೆ ನೀವು ನನ್ನ ಮೊಣಕೈ ಹಿಡಿದು ನಿಲ್ಲಿಸಿದಿರಿ. ಅಲ್ಲಿ ಆಡಿದ ಒಂದೊಂದು ಮಾತೂ ನನ್ನ ಕಿವಿಯಲ್ಲಿದೆ.

"ನಾನು ಕಣ್ಣಾರೆ ನೋಡ್ದೆ ಗುಂಡಿ. ಬೆಳಿಗ್ಗೆ ಬೆಳಿಗ್ಗೆನೇ, ಅವನ ಕೈಲಿ ಚಾಕು ಇತ್ತು."

"ಹಾಗಾದ್ರೆ ಹೇಳಿಬಿಡಿ ಅತ್ತಿಗೆ."

"ನಾನು ಹೇಳಿದ್ರೆ ಹಳೇ ಜಗಳ ತೀರಿಸ್ಕೊಳ್ತಿದಾಳೆ ಅಂತಾರೆ. ನೀನು ಹೇಳು. ನೀನೇ ನೋಡಿದ್ದು ಅಂತ ಹೇಳು. ನಿನ್ನ ಮಾತು ಯಾರೂ ತೆಗೆದುಹಾಕಲ್ಲ."

ಕಂಡದ್ದನ್ನೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ನಾನು ಕಂಡೇ ಇರಲಿಲ್ಲ. ಆದರೆ ನೀವು ಕಂಡರೇನು, ನಾನು ಕಂಡರೇನು ಅನ್ನಿಸಿತು ನನಗೆ. ನಿಮ್ಮ ಮೇಲಿದ್ದ ನಂಬಿಕೆ ಅಂಥದ್ದು. ಎದ್ದು ನಿಂತು, ಅಷ್ಟು ಜನರ ಮುಂದೆ ಅವನತ್ತ ಬೆರಳು ತೋರಿಸಿ, "ಇವರೇ. ನಾನೇ ನೋಡಿದೀನಿ" ಎಂದೆ.

ಮೇಜು ಗುದ್ದುತ್ತಾನೆ, ನನ್ನ ವಂಶವನ್ನೆಲ್ಲ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ನನ್ನನ್ನು ನೋಡಿದ. ಆಮೇಲೆ ನಿಮ್ಮನ್ನು ನೋಡಿದ. "ಆಯ್ತು ಬಿಡಿ" ಎಂದು ಎದ್ದು ಹೋದ. ತಪ್ಪು ಮಾಡಿಲ್ಲದಿದ್ದರೆ ಯಾರಾದರೂ ಹೀಗೆ ಸುಮ್ಮನೆ ಹೋಗುತ್ತಾರಾ ಎಂದು ಔಷಧಿ ಅಂಗಡಿಯವರು ತೀರ್ಪೇ ಕೊಟ್ಟರು. ಅಷ್ಟು ವರ್ಷ ಬೇಸಿಗೆಗೆ ಬರುತ್ತಿದ್ದ ಅವನ ನೀರೂ ಬೇಡವೆಂದು ಪೈಪು ಸುತ್ತಿ ಅವನ ಬಾಗಿಲಿಗೆ ಹಾಕಿ ಬಂದರು. ಷಟರಿನ ಮೇಲೆ ಯಾರೋ ಇದ್ದಿಲಿನಲ್ಲಿ 'ಮರ ಕೊಂದವ' ಎಂದು ಬರೆದರು. ಗಾಡಿಗಳು ಬೇರೆ ಗ್ಯಾರೇಜು ಹುಡುಕಿಕೊಂಡವು. ಹೊಸದಾಗಿ ನೆಟ್ಟ ಸಸಿಗಳು ನೀರಿಲ್ಲದೆ ತಲೆ ಬಾಗಿಸತೊಡಗಿದಾಗ, ಅಂಗಡಿ ತೆರೆಯುವ ಮೊದಲು ನಾನೇ ಕ್ಯಾನುಗಳಲ್ಲಿ ಹೊತ್ತು ಹಾಕತೊಡಗಿದೆ.

ಹಾಗೆ ನೀರು ಹೊತ್ತುಕೊಂಡು ಹೋದ ಒಂದು ಬೆಳಿಗ್ಗೆಯೇ ಬಿದಿರಿನ ಹಿಂದೆ ಸರಕ್ ಸರಕ್ ಎಂಬ ಸದ್ದು ಕೇಳಿತು. ಸಿಕ್ಕಿಬಿದ್ದ ಎಂದುಕೊಂಡು ಕ್ಯಾನು ಇಳಿಸಿ ಒಂದು ಇಟ್ಟಿಗೆ ಚೂರು ಕೈಗೆತ್ತಿಕೊಂಡೆ. ಮೊದಲು ಕಂಡದ್ದು ಕಂದು ಸ್ವೆಟರು. ಅದರ ಮೊಣಕೈಗೆ ತೇಪೆ ಹಾಕಿದವಳು ನಾನೇ.

"ಅಣ್ಣಾ" ಎಂದೆ.

ತಿರುಗಿದ. ನಕ್ಕ. ಬಸ್ಸು ಹತ್ತಿದ ಪ್ರಯಾಣಿಕರನ್ನು ನೋಡಿ ನಗುತ್ತಿದ್ದನಲ್ಲ, ಆ ನಗು.

"ಹೆದರಿಬಿಟ್ರೇನಮ್ಮಾ? ಏನಿಲ್ಲ, ಗುರುತು ಮಾಡ್ಕೊಳ್ತಿದೀನಿ ಅಷ್ಟೆ. ಮೊದ್ಲು ಇಲ್ಲಿಂದ ನೋಡಿದ್ರೆ ನಮ್ಮನೆ ನೀಲಿ ಟ್ಯಾಂಕು ಕಾಣ್ತಿತ್ತು. ಈಗ ಯಾರೋ ಪುಣ್ಯಾತ್ಮರು ಇಷ್ಟೊಂದು ಮರ ನೆಟ್ಟುಬಿಟ್ಟಿದಾರೆ. ಯಾವ ಕಡೆ ಹೋಗೋದು ಗೊತ್ತಾಗಲ್ಲ."

ನನ್ನ ಕೈಯಿಂದ ಇಟ್ಟಿಗೆ ಯಾವಾಗ ಬಿತ್ತೋ ಗೊತ್ತಿಲ್ಲ. ಸುತ್ತಲೂ ಯಾಕೆ ಸುಲಿಯುತ್ತೀರಿ ಎಂದು ಕೇಳಿದೆ. ನನ್ನಣ್ಣನನ್ನು ನಾನು ಬಹುವಚನದಲ್ಲಿ ಕೇಳಿದೆ ಅತ್ತಿಗೆ. ಅವನ ಕಣ್ಣಿಗೆ ನಾನು ಅಷ್ಟೇ ಆಗಿದ್ದೆ.

"ಹೋಗ್ತಾನೂ ಕಾಣ್ಬೇಕು, ಬರ್ತಾನೂ ಕಾಣ್ಬೇಕಲ್ಲಮ್ಮಾ. ಸುತ್ತ ಸುಲಿದ್ರೆ ಯಾವ ಕಡೆಯಿಂದ ಬಂದ್ರೂ ಬೆಳ್ಳಗೆ ಕಾಣುತ್ತೆ. ಆದ್ರೆ ಯಾರೋ ಬಂದು ಗೋಣಿ ಸುತ್ತಿ ಸುತ್ತಿ ಮುಚ್ಚಿಬಿಡ್ತಾರೆ. ಮತ್ತೆ ಪಕ್ಕದ್ದು ಮಾಡ್ಕೋಬೇಕು." ಆಮೇಲೆ ದನಿ ತಗ್ಗಿಸಿದ. "ನಮ್ಮನೆಯವ್ರಿಗೆ ಹೇಳ್ಬೇಡಿ. ಹೆದರ್ಕೋತಾಳೆ ಪಾಪ."

ಕಿಷ್ಕಿಂಧೆಯಂಥ ಸಂದಿಯಲ್ಲೂ ಹಿಂದಕ್ಕೆ ನೋಡದೆ ಬಸ್ಸು ತಿರುಗಿಸುತ್ತಿದ್ದವನು ನನ್ನಣ್ಣ. ಅವನು ಮನೆಗೆ ದಾರಿ ಕೆತ್ತಿಕೊಳ್ಳುತ್ತಿದ್ದ. ನಾನು ಒಂದೊಂದೇ ಗುರುತನ್ನು ಮುಚ್ಚುತ್ತ ಬಂದಿದ್ದೆ. ಮರ ಉಳಿಸುತ್ತೇನೆಂದು ನಾನು ಸುತ್ತಿದ ಪ್ರತಿ ಪಟ್ಟಿಗೂ ಇನ್ನೊಂದು ಮರ ಹೋಯಿತು, ಅವನ ಇನ್ನೊಂದು ಬೆಳಗೂ ಹೋಯಿತು. ಎರಡೂ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಗೋಣಿ ಕತ್ತರಿಸಿ ಕೊಟ್ಟಿರಿ.

ನೀವು ಶಾಲು ಹೊದ್ದು ಏದುಸಿರು ಬಿಡುತ್ತ ಓಡಿ ಬಂದಿರಿ. ಅಣ್ಣನನ್ನು ಅಲ್ಲಿ ಕಂಡು ನಿಮಗೆ ಆಶ್ಚರ್ಯವಾಗಲಿಲ್ಲ. ನನ್ನನ್ನು ಕಂಡು ಆಯಿತು. ರೋಗಿಯ ಬಾಯಿಂದ ಥರ್ಮಾಮೀಟರು ತೆಗೆಯುವ ಹಾಗೆ ಮೆಲ್ಲಗೆ ಅವನ ಕೈಯಿಂದ ಚಾಕು ತೆಗೆದುಕೊಂಡು, "ಬನ್ನಿ, ಕಾಫಿ ಆರಿಹೋಗುತ್ತೆ" ಎಂದಿರಿ. ಮಗುವಿನ ಹಾಗೆ ಹಿಂದೆ ಬಂದ. ಗೇಟಿನ ಹತ್ತಿರ ಅವನನ್ನು ಒಳಗೆ ಕಳಿಸಿ ನನ್ನ ಎರಡೂ ಕೈ ಹಿಡಿದುಕೊಂಡಿರಿ.

ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷವಾಯಿತು ಎಂದಿರಿ. ದೊಡ್ಡ ಡಾಕ್ಟರು ನೋಡಿದ್ದಾರೆ, ವಾಸಿಯಾಗುವುದಲ್ಲ ಎಂದಿರಿ. ಇನ್ನೂ ತಿಳಿವಿದ್ದಾಗ ಅವನೇ ನಿಮ್ಮಿಂದ ಆಣೆ ಮಾಡಿಸಿಕೊಂಡನಂತೆ: "ಗುಂಡಿಗೆ ಹೇಳ್ಬೇಡ. ಈಗಷ್ಟೇ ಚೇತರಿಸ್ಕೊಂಡಿದಾಳೆ, ಮತ್ತೆ ಕುಸಿದುಬಿಡ್ತಾಳೆ." ಮರ ಸುಲಿದವನು ಅವನೆಂದು ಗೊತ್ತಾದರೆ ಜನ ಅವನನ್ನು ಕಾಡಿಗೆ ಬಿಡುವುದಿಲ್ಲ, ಹುಚ್ಚನೆನ್ನುತ್ತಾರೆ, ಆ ನಡಿಗೆಯೊಂದೇ ಅವನಿಗೆ ಉಳಿದಿರುವುದು ಎಂದಿರಿ.

ಅತ್ತಿಗೆ, ಆಣೆಯ ಮಾತನ್ನು ನಾನು ನಂಬುತ್ತೇನೆ. ಅಣ್ಣ ಹಾಗೆ ಹೇಳುವವನೇ. ಕಾಯಿಲೆಯನ್ನು ನನ್ನಿಂದ ಮುಚ್ಚಿಟ್ಟದ್ದನ್ನು ಇವತ್ತಲ್ಲ ನಾಳೆ ನುಂಗಿಕೊಂಡೇನು. ಆಸ್ಪತ್ರೆಯ ಕಾರಿಡಾರಿನಲ್ಲಿ ಕಂಡು ಕೇಳರಿಯದವರಿಗೂ ನಿಜ ಹೇಳಿ ಧೈರ್ಯ ತುಂಬುತ್ತಿದ್ದ ನಿಮಗೆ ಒಡಹುಟ್ಟಿದವಳ ಮುಂದೆ ಬಾಯಿ ಬರಲಿಲ್ಲವಲ್ಲ ಎಂಬ ಸಂಕಟ ಇದೆ, ಇರಲಿ. ಆದರೆ ನನ್ನ ಬಾಯಿಗೆ ಸುಳ್ಳು ಇಡು ಎಂದು ಅಣ್ಣ ಆಣೆ ಹಾಕಿಸಿಕೊಂಡಿರಲಿಲ್ಲ. ಅದು ನಿಮ್ಮದೇ ಯೋಚನೆ. ನಿಮ್ಮ ಬಾಯಿ ಶುದ್ಧವಾಗಿರಬೇಕು, ನನ್ನದು ಹೊಲಸಾದರೂ ಆದೀತು ಎಂದು ಆ ಮೆಟ್ಟಿಲ ಮೇಲೆ ಲೆಕ್ಕ ಹಾಕಿದಿರಲ್ಲ, ಅದು ನನಗೆ ಅರಗುವುದಿಲ್ಲ.

ಸ್ಪ್ಯಾನರಿಗೆ ಅನ್ಯಾಯವಾಗಿದೆ, ಸರಿಪಡಿಸೋಣ ಎಂದದ್ದಕ್ಕೆ ಒಂದು ವಾರ ಕೊಡು ಎಂದಿರಿ. ಕೊಟ್ಟೆ. ವಾರದಲ್ಲಿ ನೀವು ಮಾಡಿದ ಕೆಲಸವೆಂದರೆ ಹಿತ್ತಿಲ ಬಾಗಿಲಿಗೆ ಬೀಗ ಹಾಕಿದ್ದು. ನಡಿಗೆಯೊಂದೇ ಉಳಿದಿದೆ ಎಂದವರು ನೀವು. ಅದನ್ನೂ ಕಿತ್ತುಕೊಂಡಿರಿ. ಕಿಟಕಿಯ ಸರಳು ಹಿಡಿದು ನಿಂತ ಅವನನ್ನು ದಾರಿಯಿಂದ ನೋಡಿದೆ. ಕೈ ಬೀಸಿದೆ. ಅವನೂ ಬೀಸಿದ. ಯಾರು ಬೀಸಿದರೂ ಬೀಸುತ್ತಾನೇನೋ.

ಇನ್ನು ನಿನ್ನೆಯ ವಿಷಯ.

ನಿನ್ನೆ ಸಭೆಯಲ್ಲಿ ನಾನು ಎದ್ದು ನಿಂತಾಗ ನೀವು ಎರಡನೇ ಸಾಲಿನಲ್ಲಿದ್ದಿರಿ. ನನ್ನ ಕಣ್ಣು ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ. ತೊಗಟೆ ಸುಲಿದದ್ದು ಸ್ಪ್ಯಾನರ್ ಅಲ್ಲ, ಕಂಡೆ ಎಂದು ನಾನು ಹೇಳಿದ್ದು ಸುಳ್ಳು, ಅವರಲ್ಲಿ ಕ್ಷಮೆ ಕೇಳುತ್ತೇನೆ ಎಂದೆ. ಹಾಗಾದರೆ ಯಾರು ಎಂದು ಔಷಧಿ ಅಂಗಡಿಯವರು ಕೇಳಿದರು. ಹೇಳುವುದಿಲ್ಲ ಎಂದೆ. ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದರು. ಅದನ್ನೂ ಹೇಳುವುದಿಲ್ಲ ಎಂದೆ. ಆಗ ಹಿಂದಿನಿಂದ ಯಾರೋ, "ಇನ್ಯಾರು ಸುಲೀತಾರೆ? ತಾನೇ ಸುಲಿದು ತಾನೇ ಪಟ್ಟಿ ಕಟ್ಟಿ ಹೆಸರು ಮಾಡ್ಕೊಂಡ್ಲು" ಎಂದರು. ಕೆಲವರು ನಕ್ಕರು. ಏಳು ವರ್ಷ ನನ್ನ ಪಕ್ಕದಲ್ಲಿ ಮೊಣಕಾಲೂರಿ ಮಣ್ಣು ಕೆದಕಿದ ಜನ.

ಅಣ್ಣನ ಹೆಸರು ಹೇಳಿ ಎಂದು ನಾನು ಬಯಸಿರಲಿಲ್ಲ ಅತ್ತಿಗೆ. "ಇವಳಲ್ಲ" ಎಂದರೆ ಸಾಕಿತ್ತು. ಒಂದು ಪದ. ಸಿಸ್ಟರ್ ಹೇಳಿದರೆ ಆ ಕೋಣೆಯಲ್ಲಿ ಎರಡು ಮಾತಿರಲಿಲ್ಲ. ನೀವು ಕನ್ನಡಕ ತೆಗೆದು ಒರೆಸಿದಿರಿ. ಹಾಕಿಕೊಂಡು ಮತ್ತೆ ತೆಗೆದು ಒರೆಸಿದಿರಿ. ನನ್ನನ್ನು ಬಳಗದಿಂದ ಕೈಬಿಡುವುದಕ್ಕೆ ಕೈ ಎತ್ತಿ ಎಂದಾಗ ನೀವು ಎತ್ತಲಿಲ್ಲ, ಒಪ್ಪುತ್ತೇನೆ. ಬೇಡವೆನ್ನುವವರು ಎತ್ತಿ ಎಂದಾಗಲೂ ಎತ್ತಲಿಲ್ಲ. ಆ ಕೋಣೆಯಿಂದ ಹೊರಗೆ ಬರುವಾಗ ನನ್ನ ಗಂಡನ ಮನೆಯ ಮೆಟ್ಟಿಲು ಇಳಿದ ದಿನ ನೆನಪಾಯಿತು. ಅವತ್ತು ಹೋಗುವುದಕ್ಕೆ ನಿಮ್ಮ ಮನೆ ಇತ್ತು.

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ಬಾಯಿಗೆ ಬರುತ್ತದೆ. ಬರೆದೂಬಿಟ್ಟೆ. ಹೊಡೆದು ಹಾಕುವುದಿಲ್ಲ.

ಇವತ್ತು ಬೆಳಿಗ್ಗೆ ಅಂಗಡಿಯ ಚಿಂದಿಯನ್ನೆಲ್ಲ ಗುಡ್ಡೆ ಹಾಕಿ, ಕೆಂಪು ಬಟ್ಟೆ ಮಾತ್ರ ಆರಿಸಿ, ಅಗಲ ಪಟ್ಟಿ ಕತ್ತರಿಸಿದೆ. ಪಂಪಿನಿಂದ ನಿಮ್ಮ ಗೇಟಿನವರೆಗೆ ಕಾಲುದಾರಿಯ ಎರಡೂ ಬದಿಯ ಮರಗಳಿಗೆ ಎದೆಮಟ್ಟದಲ್ಲಿ ಸಡಿಲವಾಗಿ ಕಟ್ಟಿ ಬಂದಿದ್ದೇನೆ. ಯಾವ ಕಡೆಯಿಂದ ನೋಡಿದರೂ ಕಾಣುತ್ತದೆ. ಮರಕ್ಕೆ ನೋವಿಲ್ಲ. ಬಳಗದಿಂದ ತೆಗೆದವಳು ಕಾಡಿಗೆ ಕಾಲಿಟ್ಟಳೆಂದು ಯಾರಾದರೂ ಕೇಳಿದರೆ ಕೇಳಲಿ. ನೀವು ಬೀಗ ತೆಗೆಯಿರಿ. ಕೆಂಪು ನೋಡಿಕೊಂಡು ನಡಿ ಎಂದು ಹೇಳಿ ಕಳಿಸಿ. ಪಂಪಿನ ಹತ್ತಿರ ನಾನಿರುತ್ತೇನೆ. ಬೆಳಗಿನ ಹೊತ್ತು ನನ್ನ ಅಂಗಡಿಯಲ್ಲಿ ಕೂರಲಿ, ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡಿ ಡಬ್ಬಿಗೆ ಹಾಕಲಿ. ನನ್ನ ಗುರುತು ಸಿಗದಿದ್ದರೂ ಪರವಾಗಿಲ್ಲ, ಟೈಲರಮ್ಮ ಎಂದೇ ಕರೆಯಲಿ.

ನೀವು ಅವನ ಜೊತೆ ಬರಬೇಡಿ. ಸದ್ಯಕ್ಕೆ ನಿಮ್ಮ ಮುಖ ನೋಡುವ ಶಕ್ತಿ ನನಗಿಲ್ಲ. ಆ ಶಕ್ತಿ ಬಂದ ದಿನ ನಾನೇ ಬಾಗಿಲು ಬಡಿಯುತ್ತೇನೆ. ಅವತ್ತಾದರೂ ನಲ್ಲಿ ನಿಲ್ಲಿಸಬೇಡಿ.

ಇಂತಿ,
ನಿಮ್ಮ ಗಂಡನ ತಂಗಿ

ಮತ್ತೊಂದು ಮಾತು:

ಮೇಲಿನದನ್ನು ಮಡಚಿಟ್ಟು ಏಳುವಾಗ ಸ್ಪ್ಯಾನರ್ ಬಂದಿದ್ದ. ಅರ್ಧ ಎಳೆದ ಷಟರಿನ ಕೆಳಗೆ ಬಗ್ಗಿ ಒಳಗೆ ಬಂದು, ಸೀಟ್ ಕವರ್ ಹೊಲೀಬೇಕು ಎಂದ. ಕೈಯಲ್ಲಿ ಸೀಟೂ ಇರಲಿಲ್ಲ, ಅಳತೆಯೂ ಇರಲಿಲ್ಲ. ನಾನು ಮತ್ತೆ ಕ್ಷಮೆ ಕೇಳಲು ಹೋದೆ. ಕೇಳಿಸಿಕೊಳ್ಳಲಿಲ್ಲ. ಅವನು ಹೇಳಿದ್ದು ಇಷ್ಟು: ನವೆಂಬರಿನಿಂದಲೂ ಗ್ಯಾರೇಜಿನಿಂದ ಅವನು ಅಣ್ಣನನ್ನು ನೋಡುತ್ತಿದ್ದ. ಅಣ್ಣ ದಾರಿ ತಪ್ಪಿದ ಬೆಳಗುಗಳಲ್ಲಿ ತಾನೇ ಕೈ ಹಿಡಿದು ನಿಮ್ಮ ಗೇಟಿನವರೆಗೆ ಬಿಟ್ಟು ಬಂದಿದ್ದಾನೆ.

ಎಲ್ಲ ಗೊತ್ತಿದ್ದೂ, ನಾನು ಬೆರಳು ತೋರಿಸಿದ ದಿನ ಯಾಕೆ ಸುಮ್ಮನೆ ಎದ್ದು ಹೋದಿರಿ ಎಂದು ಕೇಳಿದೆ.

"ನಿಮ್ಮಣ್ಣನ ಮಾನ ಉಳಿಸೋಕೆ ಹಾಗೆ ಹೇಳ್ತಿದೀರಾ ಅನ್ಕೊಂಡೆ ಟೈಲರಕ್ಕ. ಒಡಹುಟ್ಟಿದವ್ರಿಗೆ ಗೊತ್ತಿಲ್ದೆ ಇರುತ್ತಾ?" ಎಂದ.